ಬೆರಳ ತುದಿಯಲ್ಲಿ ತಾಳ

ಊಟದ ಮೇಜು, ಶಾಲೆಯ ಬೆಂಚು, ಬಸ್ಸಿನ ಕಿಟಕಿಯ ಕಂಬಿ, ಕೊನೆಗೆ ದೇವಾಲಯದ ಬೆಂಚಿನ ಒರಗು. ಎಲ್ಲಿ ಕೈ ಇಟ್ಟರೂ ತಾಳ ಹಾಕುವ ಮಕ್ಕಳು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. "ಸುಮ್ಮನಿರೋ" ಎಂದು ಗದರಿದರೆ ಎರಡು ನಿಮಿಷ ಸುಮ್ಮನಿದ್ದು ಮತ್ತೆ ಶುರು ಮಾಡುತ್ತಾರೆ. ಈಗ ಅದೇ ಮಕ್ಕಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟ್ಯಾಬಿನ ಗಾಜಿನ ಮೇಲೋ, ರಬ್ಬರಿನ ಚೌಕಗಳಿರುವ ಪುಟ್ಟ ಪೆಟ್ಟಿಗೆಯ ಮೇಲೋ ಬೆರಳು ಕುಣಿಸುತ್ತಿರುತ್ತಾರೆ. ಪಕ್ಕದಲ್ಲಿ ಕುಳಿತವರಿಗೆ ಟಪಟಪ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. "ಫಾದರ್, ಇದು ಸಂಗೀತವೋ ಮೊಬೈಲ್ ಆಟವೋ? ಬಿಡಿಸಬೇಕೋ, ಕಲಿಸಬೇಕೋ?" ಎಂದು ಹೆತ್ತವರು ಕೇಳುವುದುಂಟು. ಗಾನವೃಂದದವರ ಪ್ರಶ್ನೆ ಇನ್ನೊಂದು: "ತಬಲಾ ನುಡಿಸುವವರು ಸಿಗುವುದಿಲ್ಲ. ಹಬ್ಬದ ಬಲಿಪೂಜೆಗೆ ಇದನ್ನು ಬಳಸಬಹುದೇ?" ಉತ್ತರ ಹುಡುಕುವ ಮೊದಲು ಈ ವಾದ್ಯ ಏನು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾವು ತಿಳಿದುಕೊಳ್ಳೋಣ.

ಬೆರಳಿನ ವಾದ್ಯ ಹೊಸದೇ?

ವಿಮೋಚನಾಕಾಂಡದ 15ನೇ ಅಧ್ಯಾಯದಲ್ಲಿ ಕೆಂಪು ಸಮುದ್ರ ದಾಟಿದ ಮೇಲೆ ಮಿರ್ಯಾಮಳು ಕೈಗೆತ್ತಿಕೊಂಡದ್ದು ದಮ್ಮಡಿಯನ್ನು. ಕೈಯಿಂದ ಬಾರಿಸುವ ವಾದ್ಯ ಅಷ್ಟು ಹಳೆಯದು. ನಮ್ಮ ನಾಡಿನಲ್ಲಂತೂ ತಬಲಾ, ಮೃದಂಗ, ಘಟ, ಖಂಜಿರ ಎಲ್ಲವೂ ಬೆರಳು ಮತ್ತು ಅಂಗೈಗಳ ವಿದ್ಯೆಯೇ. ಕೋಲು ಹಿಡಿದು, ಕಾಲಿನಿಂದ ಪೆಡಲ್ ತುಳಿದು ಡ್ರಮ್ ಬಾರಿಸಿ ಅಭ್ಯಾಸವಿದ್ದ ಪಾಶ್ಚಾತ್ಯರಿಗೆ ಬೆರಳಲ್ಲಿ ತಾಳ ನುಡಿಸುವುದು ಹೊಸದೆನಿಸಿರಬಹುದು. ನಮಗೆ ಹಾಗೆ ಅನಿಸಬೇಕಾಗಿಲ್ಲ.

ಆದರೆ ಒಂದು ವ್ಯತ್ಯಾಸವಿದೆ. ತಬಲೆಯಲ್ಲಿ ನಾದ ಹುಟ್ಟುವುದು ಬೆರಳು ತಾಗಿದ ಚರ್ಮದಲ್ಲೇ. ಪ್ಯಾಡಿನ ರಬ್ಬರಿನಲ್ಲಿ ಯಾವ ನಾದವೂ ಇಲ್ಲ. ಯಾವ ಚೌಕವನ್ನು ಮುಟ್ಟಿದಿರಿ, ಎಷ್ಟು ಜೋರಾಗಿ ಮುಟ್ಟಿದಿರಿ ಎಂಬ ಎರಡು ಸಂಗತಿಗಳನ್ನು ಮಾತ್ರ ಅದು ಒಳಗಿನ ಯಂತ್ರಕ್ಕೆ ತಿಳಿಸುತ್ತದೆ. ಮೊದಲೇ ಧ್ವನಿಮುದ್ರಿಸಿ ಇಟ್ಟಿರುವ ಪೆಟ್ಟಿನ ಸದ್ದನ್ನು ಯಂತ್ರ ಆ ಕ್ಷಣವೇ ಕೇಳಿಸುತ್ತದೆ. ಹೀಗೆ ಕೂಡಿಟ್ಟ ಸದ್ದಿಗೆ ಸ್ಯಾಂಪಲ್ ಎನ್ನುತ್ತಾರೆ. ಆದ್ದರಿಂದ ಒಂದೇ ಚೌಕದಿಂದ ಇಂದು ಡ್ರಮ್, ನಾಳೆ ತಬಲೆ, ನಾಡಿದ್ದು ಗಂಟೆಯ ಸದ್ದನ್ನೂ ಹೊರಡಿಸಬಹುದು.

ಹದಿನಾರು ಚೌಕಗಳು

ಅಮೆರಿಕದ ರೋಜರ್ ಲಿನ್ ಎಂಬ ತಂತ್ರಜ್ಞರು 1980ರಲ್ಲಿ ಎಲ್‌ಎಂ-1 ಎಂಬ ಯಂತ್ರವನ್ನು ಹೊರತಂದರು. ಅದಕ್ಕೂ ಮುಂಚಿನ ತಾಳಯಂತ್ರಗಳು ವಿದ್ಯುತ್ ಮಂಡಲಗಳಿಂದ ಡ್ರಮ್ಮಿನಂಥ ಕೃತಕ ಸದ್ದನ್ನು ಹೊರಡಿಸುತ್ತಿದ್ದವು. ಲಿನ್ ಅವರು ನಿಜವಾದ ಡ್ರಮ್ಮುಗಳ ಧ್ವನಿಮುದ್ರಣವನ್ನೇ ಯಂತ್ರದೊಳಗೆ ಸೇರಿಸಿದರು. 1988ರಲ್ಲಿ ಅವರು ಜಪಾನಿನ ಅಕಾಯಿ ಕಂಪನಿಯೊಡನೆ ಸೇರಿ ಎಂಪಿಸಿ-60 ಎಂಬ ಯಂತ್ರವನ್ನು ರೂಪಿಸಿದರು. ಅದರ ಮೇಲೆ ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು, ಒಟ್ಟು 16 ರಬ್ಬರ್ ಚೌಕಗಳಿದ್ದವು. ಇಂದಿಗೂ ಹೆಚ್ಚಿನ ಪ್ಯಾಡ್‌ಗಳಲ್ಲಿ, ಎಷ್ಟೋ ಟ್ಯಾಬ್ ಆ್ಯಪ್‌ಗಳ ಪರದೆಯ ಮೇಲೂ ಕಾಣುವುದು ಇದೇ ವಿನ್ಯಾಸ.

ವಾದ್ಯವೃಂದವನ್ನು ಕಟ್ಟುವ ಅನುಕೂಲವಿಲ್ಲದ ಅಮೆರಿಕದ ನಗರಗಳ ಯುವಕರಿಗೆ ಈ ಪೆಟ್ಟಿಗೆ ವರವಾಯಿತು. ಮನೆಯ ಒಂದು ಮೂಲೆಯಲ್ಲಿ ಕುಳಿತು ಒಬ್ಬನೇ ತಾಳ ಕಟ್ಟಬಹುದಾಗಿತ್ತು. ಹಿಪ್-ಹಾಪ್ ಸಂಗೀತ ಬೆಳೆದದ್ದರಲ್ಲಿ ಇದರ ಪಾಲು ದೊಡ್ಡದು. ಮುಂದೆ 2010ರಲ್ಲಿ ಐಪ್ಯಾಡ್ ಬಂತು. 2011ರಲ್ಲಿ ಅದಕ್ಕಾಗಿ ಗ್ಯಾರೇಜ್‌ಬ್ಯಾಂಡ್ ಆ್ಯಪ್ ಬಂತು. ದುಬಾರಿ ಯಂತ್ರದ ಕೆಲಸ ಮನೆಯ ಟ್ಯಾಬಿಗೆ ಇಳಿಯಿತು.

ಗಾಜು, ರಬ್ಬರು ಮತ್ತು ವಿಳಂಬ

ಪ್ಯಾಡ್ ಮತ್ತು ಯಂತ್ರದ ನಡುವಿನ ಸಂಭಾಷಣೆಗೆ ಒಂದು ಭಾಷೆ ಇದೆ. 1983ರಲ್ಲಿ ಬಳಕೆಗೆ ಬಂದ ಅದರ ಹೆಸರು ಮಿಡಿ. ಬೇರೆ ಬೇರೆ ಕಂಪನಿಗಳ ವಾದ್ಯಗಳೂ ಈ ಭಾಷೆಯಲ್ಲಿ ಒಂದನ್ನೊಂದು ಅರ್ಥಮಾಡಿಕೊಳ್ಳುತ್ತವೆ. ಪೆಟ್ಟಿನ ಬಲವನ್ನು ಅದು 127ರವರೆಗಿನ ಅಂಕಿಗಳಲ್ಲಿ ಹೇಳುತ್ತದೆ. ಮೆಲ್ಲಗೆ ಸವರಿದರೆ 20, ಜೋರಾಗಿ ಹೊಡೆದರೆ 120 ಎಂಬಂತೆ. ರಬ್ಬರ್ ಪ್ಯಾಡಿನ ಕೆಳಗೆ ಒತ್ತಡವನ್ನು ಅಳೆಯುವ ಪದರವಿರುವುದರಿಂದ ಇದು ಸಾಧ್ಯ. ಟ್ಯಾಬಿನ ಗಾಜಿಗಾದರೋ ಬೆರಳು ಎಲ್ಲಿ ತಾಗಿತು ಎಂಬುದು ಚೆನ್ನಾಗಿ ಗೊತ್ತು, ಎಷ್ಟು ಬಲವಾಗಿ ಎಂಬುದು ಸಾಮಾನ್ಯವಾಗಿ ಗೊತ್ತಾಗದು. ಅದಕ್ಕಾಗಿ ಕೆಲವು ಆ್ಯಪ್‌ಗಳು ಚೌಕದ ಯಾವ ಭಾಗವನ್ನು ಮುಟ್ಟಿದೆವು ಎಂಬುದನ್ನು ನೋಡಿ ಸದ್ದನ್ನು ಏರಿಳಿಸುತ್ತವೆ. ಐಪ್ಯಾಡಿನ ಗ್ಯಾರೇಜ್‌ಬ್ಯಾಂಡ್, ಬೆರಳು ಬಿದ್ದಾಗ ಇಡೀ ಟ್ಯಾಬ್ ಎಷ್ಟು ಅದುರಿತು ಎಂಬುದನ್ನು ಅಳೆದು ಬಲವನ್ನು ಊಹಿಸುವ ಉಪಾಯ ಮಾಡಿತು.

ಎರಡನೆಯ ತೊಡಕು ವಿಳಂಬ. ಬೆರಳು ತಾಗುವುದಕ್ಕೂ ಸದ್ದು ಕೇಳುವುದಕ್ಕೂ ನಡುವೆ ಸ್ವಲ್ಪ ಸಮಯ ಹಿಡಿಯುತ್ತದೆ. ಅದು 10 ಮಿಲಿಸೆಕೆಂಡಿನಷ್ಟಿದ್ದರೆ ತೊಂದರೆಯಿಲ್ಲ. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ ಸಾಗುವುದೇ ಸುಮಾರು 3.4 ಮೀಟರ್. ಅಂದರೆ ಹನ್ನೊಂದು ಅಡಿ ದೂರದ ಡ್ರಮ್ಮನ್ನು ಕೇಳಿದಂತೆ. ಆದರೆ ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನಿನಲ್ಲಿ ವಿಳಂಬ ಅನೇಕ ಸಲ 100 ಮಿಲಿಸೆಕೆಂಡನ್ನೂ ಮೀರುತ್ತದೆ. ನಿಮಿಷಕ್ಕೆ 120 ತಾಳದ ವೇಗದಲ್ಲಿ ಒಂದು ತಾಳದ ಕಾಲುಭಾಗ 125 ಮಿಲಿಸೆಕೆಂಡ್. ಹೀಗಾಗಿ ಒಂದು ಪೆಟ್ಟು ಕೇಳಿಸುವಷ್ಟರಲ್ಲಿ ಮುಂದಿನ ಪೆಟ್ಟು ಹತ್ತಿರ ಬಂದಿರುತ್ತದೆ. "ನನಗೆ ತಾಳವೇ ಬರುವುದಿಲ್ಲ" ಎಂದು ಮಗು ಬೇಸರಿಸಿದರೆ ಮೊದಲು ತಂತಿಯ ಹೆಡ್‌ಫೋನ್ ಕೊಟ್ಟು ನೋಡಿರಿ. ಎಷ್ಟೋ ಸಲ ತಪ್ಪು ಮಗುವಿನದಾಗಿರುವುದಿಲ್ಲ.

ಮೂರು ಬೆರಳಿನ ಮೊದಲ ಪಾಠ

ಕಲಿಯಲು ಹೊಸದೇನನ್ನೂ ಕೊಳ್ಳಬೇಕಾಗಿಲ್ಲ. ಗಾನವೃಂದದ ಕೀಬೋರ್ಡಿನಲ್ಲಿ ವಾದ್ಯಗಳ ಪಟ್ಟಿಯ ನಡುವೆ "ಡ್ರಮ್ ಕಿಟ್" ಎಂಬುದು ಸಾಮಾನ್ಯವಾಗಿ ಇರುತ್ತದೆ. ಅದನ್ನು ಆರಿಸಿದರೆ ಪ್ರತಿಯೊಂದು ಕೀ ಒಂದೊಂದು ತಾಳವಾದ್ಯವಾಗುತ್ತದೆ. ಎಲ್ಲರೂ ಒಪ್ಪಿಕೊಂಡ ಜೋಡಣೆಯಂತೆ ಎಡಭಾಗದ ಒಂದು "ಸಿ" ಕೀಯಲ್ಲಿ ಗಂಭೀರವಾದ ದೊಡ್ಡ ಡ್ರಮ್, ಅಂದರೆ ಕಿಕ್ ಇರುತ್ತದೆ. ಅದರ ಮುಂದಿನ "ಡಿ"ಯಲ್ಲಿ ಚಟ್ಟೆನ್ನುವ ಸ್ನೇರ್, "ಎಫ್ ಶಾರ್ಪ್"ನಲ್ಲಿ ಚಿಕ್ ಚಿಕ್ ಎನ್ನುವ ಕಂಚಿನ ತಟ್ಟೆಗಳು, ಅಂದರೆ ಹೈ-ಹ್ಯಾಟ್ ಇರುತ್ತವೆ. ಹಲವು ಕೀಬೋರ್ಡುಗಳಲ್ಲಿ ಕೀಗಳ ಮೇಲೆ ಇವುಗಳ ಚಿತ್ರವೂ ಅಚ್ಚಾಗಿರುತ್ತದೆ.

ಎಡಗೈ ತೋರುಬೆರಳನ್ನು ಕಿಕ್ ಮೇಲೆ, ಬಲಗೈ ಹೆಬ್ಬೆರಳನ್ನು ಸ್ನೇರ್ ಮೇಲೆ, ಬಲಗೈ ನಡುಬೆರಳನ್ನು ಹೈ-ಹ್ಯಾಟ್ ಮೇಲೆ ಇಡಿರಿ. ಒಂದರಿಂದ ಎಂಟರವರೆಗೆ ಸಮನಾಗಿ ಎಣಿಸಿರಿ. ಹೈ-ಹ್ಯಾಟ್ ಎಂಟೂ ಎಣಿಕೆಗೆ, ಕಿಕ್ ಒಂದು ಮತ್ತು ಐದಕ್ಕೆ, ಸ್ನೇರ್ ಮೂರು ಮತ್ತು ಏಳಕ್ಕೆ. ಇಷ್ಟೇ ಮೊದಲ ಪಾಠ. ಜಗತ್ತಿನ ಸಾವಿರಾರು ಹಾಡುಗಳು ಇದರ ಮೇಲೆ ನಿಂತಿವೆ. ಎಂಟು ಎಣಿಕೆಗೆ ನಾಲ್ಕು ಸೆಕೆಂಡು ಹಿಡಿಯುವಷ್ಟು ನಿಧಾನವಾಗಿ ಆರಂಭಿಸಬೇಕು. ತಪ್ಪಿಲ್ಲದೆ ಐದು ನಿಮಿಷ ನುಡಿಸಲು ಬಂದ ಮೇಲೆ ವೇಗ ಹೆಚ್ಚಿಸಬೇಕು. ಬೆರಳನ್ನು ಕುಟ್ಟಬಾರದು, ಮಣಿಕಟ್ಟು ಸಡಿಲವಾಗಿರಬೇಕು. ಓದುಗರು ಈಗಲೇ ಮೇಜಿನ ಮೇಲೆ ಪ್ರಯತ್ನಿಸಿ ನೋಡಬಹುದು. ಎರಡು ಕೈಗಳು ಎರಡು ಕೆಲಸ ಮಾಡಬೇಕಾದಾಗ ಮನಸ್ಸು ಎಷ್ಟು ಏಕಾಗ್ರವಾಗಬೇಕು ಎಂಬುದು ಆಗ ತಿಳಿಯುತ್ತದೆ.

ಯಂತ್ರ ತಿದ್ದುವ ತಾಳ

ಬೀಟ್ ಕಟ್ಟುವವರು ಸಾಮಾನ್ಯವಾಗಿ ಎರಡು ಅಥವಾ ನಾಲ್ಕು ಆವರ್ತಗಳಷ್ಟು ಕಾಲವನ್ನು ಮತ್ತೆ ಮತ್ತೆ ತಿರುಗುವಂತೆ ಇಟ್ಟುಕೊಳ್ಳುತ್ತಾರೆ. ಮೊದಲ ಸುತ್ತಿನಲ್ಲಿ ಕಿಕ್ ನುಡಿಸಿ ಮುದ್ರಿಸುತ್ತಾರೆ. ಎರಡನೇ ಸುತ್ತಿನಲ್ಲಿ ಅದರ ಮೇಲೆ ಸ್ನೇರ್, ಮೂರನೆಯದರಲ್ಲಿ ಹೈ-ಹ್ಯಾಟ್. ಗೋಡೆ ಕಟ್ಟಿದಂತೆ ವರಸೆಯ ಮೇಲೆ ವರಸೆ. ಆಚೀಚೆ ಬಿದ್ದ ಪೆಟ್ಟುಗಳನ್ನು ಯಂತ್ರವೇ ಸರಿಯಾದ ಗೆರೆಗೆ ಎಳೆದು ಕೂರಿಸುವ ಸೌಲಭ್ಯವೂ ಇದೆ. ಅದಕ್ಕೆ ಕ್ವಾಂಟೈಸ್ ಎಂದು ಹೆಸರು. ಇನ್ನೊಂದು ಸೌಲಭ್ಯ ಸ್ವಿಂಗ್. ನಿಮಿಷಕ್ಕೆ 90 ತಾಳದ ವೇಗದಲ್ಲಿ ಅರ್ಧ ತಾಳ ಸುಮಾರು 333 ಮಿಲಿಸೆಕೆಂಡ್. ಅದರಲ್ಲಿ ಎರಡು ಪೆಟ್ಟುಗಳನ್ನು ಸಮನಾಗಿ ಹಂಚಿದರೆ ಒಂದೊಂದಕ್ಕೆ 167. ಸ್ವಿಂಗನ್ನು ಶೇಕಡಾ 60ಕ್ಕೆ ಏರಿಸಿದರೆ ಮೊದಲನೆಯದಕ್ಕೆ 200, ಎರಡನೆಯದಕ್ಕೆ 133. ವ್ಯತ್ಯಾಸ ಸೆಕೆಂಡಿನ ಮೂವತ್ತನೇ ಒಂದು ಭಾಗ. ಆದರೂ ಮೊದಲನೆಯದು ಸೈನಿಕರ ನಡಿಗೆಯಂತೆ, ಎರಡನೆಯದು ಮಗು ಕುಪ್ಪಳಿಸಿದಂತೆ ಕೇಳುತ್ತದೆ.

ಈ ಸೂಕ್ಷ್ಮವನ್ನು ಆಳವಾಗಿ ಅರಿತವರಲ್ಲಿ ಒಬ್ಬರು ಅಮೆರಿಕದ ಡೆಟ್ರಾಯಿಟ್ ನಗರದ ಜೇಮ್ಸ್ ಯಾನ್ಸಿ. ಜೆ ಡಿಲ್ಲಾ ಎಂಬ ಹೆಸರಿನಿಂದ ಪ್ರಸಿದ್ಧರಾದವರು. ಯಂತ್ರ ಮಾಡಿದ ತಿದ್ದುಪಡಿಯನ್ನು ಅವರು ಕಣ್ಣುಮುಚ್ಚಿ ಒಪ್ಪಲಿಲ್ಲ. ಒಂದು ಪೆಟ್ಟನ್ನು ಕೂದಲೆಳೆಯಷ್ಟು ಮೊದಲು, ಇನ್ನೊಂದನ್ನು ತುಸು ತಡವಾಗಿ ಇಟ್ಟು, ಯಂತ್ರದಲ್ಲಿ ಮನುಷ್ಯನ ಉಸಿರು ಕೇಳುವಂತೆ ಮಾಡಿದರು. ಅವರನ್ನು ಕೇಳಿ, ನಿಜವಾದ ಡ್ರಮ್ ನುಡಿಸುವವರೇ ತಮ್ಮ ನುಡಿಸಾಣಿಕೆಯನ್ನು ಬದಲಿಸಿಕೊಂಡರು. ರಕ್ತದ ಅಪರೂಪದ ಕಾಯಿಲೆಯಿಂದ ಬಳಲಿದ ಅವರು ತಮ್ಮ 32ನೇ ಹುಟ್ಟುಹಬ್ಬದಂದು, 2006ರ ಫೆಬ್ರವರಿ 7ರಂದು, "ಡೋನಟ್ಸ್" ಎಂಬ ಆಲ್ಬಂ ಹೊರತಂದು ಮೂರೇ ದಿನಕ್ಕೆ ತೀರಿಕೊಂಡರು. ಅವರು ಬಳಸಿದ ಎಂಪಿಸಿ ಯಂತ್ರವನ್ನು ಇಂದು ವಾಷಿಂಗ್ಟನ್ ನಗರದ ಆಫ್ರಿಕನ್ ಅಮೆರಿಕನ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ.

ದೇವಾಲಯದಲ್ಲಿ ಯಾರು ನುಡಿಸುತ್ತಿದ್ದಾರೆ?

ಈಗ ಗಾನವೃಂದದ ಪ್ರಶ್ನೆಗೆ ಬರೋಣ. ನಮ್ಮ ಅನೇಕ ದೇವಾಲಯಗಳಲ್ಲಿ ತಾಳಯಂತ್ರ ಆಗಲೇ ಬಂದು ಕುಳಿತಿದೆ. ಕೀಬೋರ್ಡಿನ "ಸ್ಟೈಲ್" ಗುಂಡಿಯನ್ನು ಒತ್ತಿದರೆ ಸಾಕು, ತಾಳ ತಾನಾಗಿ ಓಡುತ್ತದೆ. ಅದು ಯಾರಿಗೂ ಕಾಯುವುದಿಲ್ಲ. ಕಾಣಿಕೆಯ ಮೆರವಣಿಗೆಯಲ್ಲಿ ವಯಸ್ಸಾದ ತಾಯಿಯೊಬ್ಬರು ನಿಧಾನವಾಗಿ ನಡೆದರೂ ಅದು ಓಡುತ್ತದೆ. ಭಕ್ತಾದಿಗಳು ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಂಡರೂ ಓಡುತ್ತದೆ. ಕೊನೆಗೆ ಜನ ಹಾಡು ನಿಲ್ಲಿಸಿ ಕೇಳುಗರಾಗುತ್ತಾರೆ. ಪ್ಯಾಡ್ ನುಡಿಸುವ ಹುಡುಗಿ ಅಥವಾ ಹುಡುಗನಾದರೋ ತಲೆಯೆತ್ತಿ ಜನರನ್ನು ನೋಡಬಹುದು, ಅವರೊಡನೆ ನಿಧಾನಿಸಬಹುದು, ಬೇಕಾದಲ್ಲಿ ನಿಲ್ಲಿಸಬಹುದು.

ಧರ್ಮಸಭೆಯ ಚಿಂತನೆಯೂ ಇದೇ ದಿಕ್ಕಿನದು. ಹನ್ನೆರಡನೇ ಪಿಯುಸ್ ಜಗದ್ಗುರುಗಳ ಕಾಲದಲ್ಲಿ, 1958ರಲ್ಲಿ, ಪವಿತ್ರ ಸಂಗೀತದ ಬಗ್ಗೆ ಹೊರಟ ಸೂಚನೆಯು ತಾನಾಗಿ ನುಡಿಯುವ ಆರ್ಗನ್, ಗ್ರಾಮಫೋನ್ ಮೊದಲಾದ ಯಂತ್ರಗಳನ್ನು ಆರಾಧನಾ ವಿಧಿಯಲ್ಲಿ ಬಳಸಬಾರದೆಂದಿತು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಆರಾಧನಾ ವಿಧಿಯ ಸಂವಿಧಾನದ 120ನೇ ಪರಿಚ್ಛೇದದಲ್ಲಿ ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನ ಕೊಟ್ಟು, ಪವಿತ್ರ ಬಳಕೆಗೆ ತಕ್ಕುದಾದ ಬೇರೆ ವಾದ್ಯಗಳಿಗೂ ಸ್ಥಳೀಯ ಅಧಿಕಾರಿಗಳ ಒಪ್ಪಿಗೆಯ ಮೇರೆಗೆ ಬಾಗಿಲು ತೆರೆಯಿತು. ಆದ್ದರಿಂದ ವಾದ್ಯ ವಿದ್ಯುತ್ತಿನದೋ ಚರ್ಮದ್ದೋ ಎಂದು ಕೇಳುವುದಕ್ಕಿಂತ ಮುಖ್ಯವಾದ ಪ್ರಶ್ನೆ, ಒಬ್ಬ ಮನುಷ್ಯ ಅದನ್ನು ನುಡಿಸುತ್ತಿದ್ದಾನೆಯೇ ಎಂಬುದು. ಧರ್ಮಾಧ್ಯಕ್ಷರ ನಿಯಮಗಳನ್ನು ಕೇಳಿ ತಿಳಿದು, ಮೆದುವಾದ ಸದ್ದುಗಳನ್ನು ಆರಿಸಿ, ತಪಸ್ಸುಕಾಲದಲ್ಲಿ ಹಾಡಿಗೆ ಆಸರೆಯಾಗುವಷ್ಟಕ್ಕೆ ಮಾತ್ರ ವಾದ್ಯಗಳನ್ನು ಬಳಸಬೇಕೆಂಬುದನ್ನು ನೆನಪಿಟ್ಟು ನುಡಿಸಲಿ. ಊರಿನಲ್ಲಿ ತಬಲಾ ಅಥವಾ ಢೋಲಕ್ ಬಲ್ಲವರಿದ್ದರೆ ಮೊದಲ ಸ್ಥಾನ ಅವರದ್ದೇ. ಅವರನ್ನು ಎಬ್ಬಿಸಿ ಆ ಜಾಗದಲ್ಲಿ ಪ್ಯಾಡ್ ಇಡಬಾರದು.

ಹೆತ್ತವರಿಗೆ ಎರಡು ಮಾತು

ಬೀಟ್ ಕಟ್ಟುವವರು ಬೇರೆಯವರ ಹಾಡಿನ ತುಣುಕನ್ನು ಎತ್ತಿಕೊಳ್ಳುವುದು ಸುಲಭ. 1991ರಲ್ಲಿ ಅಮೆರಿಕದ ಹಿಪ್-ಹಾಪ್ ಕಲಾವಿದ ಬಿಜ್ ಮಾರ್ಕಿ ಹೀಗೆ ಅನುಮತಿಯಿಲ್ಲದೆ ಒಂದು ಹಾಡಿನ ಭಾಗವನ್ನು ಬಳಸಿದ್ದಕ್ಕಾಗಿ ನಡೆದ ಮೊಕದ್ದಮೆಯಲ್ಲಿ, ನ್ಯೂಯಾರ್ಕಿನ ನ್ಯಾಯಾಧೀಶರು ತಮ್ಮ ತೀರ್ಪನ್ನು ನಮ್ಮ ಎಣಿಕೆಯ ಏಳನೇ ಆಜ್ಞೆಯಿಂದಲೇ ಆರಂಭಿಸಿದರು. ಮನೆಯ ಅಭ್ಯಾಸಕ್ಕೆ ಏನನ್ನಾದರೂ ಬಳಸಲಿ. ಹೊರಗೆ ಹಂಚುವುದಾದರೆ ಸ್ವಂತ ಸದ್ದನ್ನೇ ಮುದ್ರಿಸಿಕೊಳ್ಳಲು ಹೇಳಿರಿ. ಅಡುಗೆಮನೆಯ ಪಾತ್ರೆ, ಮಳೆಹನಿ, ಅಜ್ಜಿಯ ಒರಳು ಯಾವುದಾದರೂ ಆದೀತು.

ಇದು ಆಟವೋ ಸಂಗೀತವೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಹೆಡ್‌ಫೋನ್ ತೆಗೆಸಿ, ಕ್ವಾಂಟೈಸ್ ನಿಲ್ಲಿಸಿ, "ನಾನು ಒಂದು ಹಾಡು ಹೇಳುತ್ತೇನೆ, ನೀನು ತಾಳ ಹಾಕು" ಎನ್ನಿರಿ. ನಿಮ್ಮ ಧ್ವನಿ ನಡುಗಿದಲ್ಲಿ ಮಗು ಕಾದು, ನಿಮ್ಮೊಡನೆ ಸೇರಿಕೊಂಡರೆ ಅದು ಸಂಗೀತವೇ. ಕಾಯಲು ಬಾರದಿದ್ದರೆ ಬಿಡಿಸಬೇಡಿರಿ, ಪ್ರತಿದಿನ ಜೊತೆಯಲ್ಲಿ ಕುಳಿತು ಹಾಡಿರಿ. ತಾಳಕ್ಕಿಂತ ಮೊದಲು ಕೇಳಿಸಿಕೊಳ್ಳುವುದನ್ನು ಅದು ಕಲಿಯಲಿ.

ಗಾನವೃಂದದ ಬಂಧುಗಳೇ, ಬರುವ ಹಬ್ಬದ ಅಭ್ಯಾಸದಲ್ಲಿ ಒಂದೇ ಒಂದು ಗೀತೆಗೆ ಸ್ಟೈಲ್ ಗುಂಡಿಯನ್ನು ಮುಟ್ಟದೆ, ಬೆಂಚು ಕುಟ್ಟಿ ಬೈಸಿಕೊಳ್ಳುವ ಆ ಮಗುವನ್ನು ಕರೆದು ಡ್ರಮ್ ಕಿಟ್ಟಿನ ಮೂರು ಕೀಗಳನ್ನು ತೋರಿಸಿ ಕೂರಿಸಿರಿ. ಸಂತೆಯಂತೆ ಕೇಳಿಸಿದರೂ ಎರಡು ವಾರ ತಾಳ್ಮೆ ಇರಲಿ.