ಗಾಡಿಯಿಂದ ಇಳಿದ ಮಕ್ಕಳು

ಮುಂಬಯಿ–ಹೌರಾ ಹಳಿಯೂ ದೆಹಲಿ–ಚೆನ್ನೈ ಹಳಿಯೂ ನಮ್ಮ ನಾಗಪುರದಲ್ಲಿ ಒಂದನ್ನೊಂದು ಹಾಯ್ದು ಹೋಗುತ್ತವೆಂಬುದು ವಾಚಕರಿಗೆ ತಿಳಿದದ್ದೇ. ದೇಶದ ನಾಲ್ಕು ಮೂಲೆಯ ಸಾಮಾನು ಇಲ್ಲಿ ಇಳಿಯುತ್ತದೆ. ಅದರ ಜೊತೆಗೆ, ಟಿಕೆಟಿಲ್ಲದ, ಕೈಹಿಡಿದು ತಂದವರಿಲ್ಲದ ಮಕ್ಕಳೂ ಇಳಿಯುತ್ತಾರೆ. ಕುಡಿದು ಬಂದವನ ಹೊಡೆತಕ್ಕೆ ಓಡಿದವರು, ಪರೀಕ್ಷೆಯಲ್ಲಿ ನಪಾಸಾಗಿ ಮನೆಗೆ ಹೋಗಲಂಜಿದವರು, ಕೆಲಸದ ಆಸೆ ತೋರಿಸಿ ಯಾರೋ ಕರೆತಂದು ನಡುದಾರಿಯಲ್ಲಿ ಬಿಟ್ಟವರು, ಹೀಗೆ. 2018ರಿಂದ 2024ರ ಮೇ ತಿಂಗಳವರೆಗೆ ರೈಲ್ವೆ ರಕ್ಷಣಾ ದಳದವರು ಇಡೀ ದೇಶದಲ್ಲಿ ಇಂಥ 84,119 ಮಕ್ಕಳನ್ನು ಕಾಪಾಡಿದರೆಂದು ಸರಕಾರದ ಲೆಕ್ಕ.

ನಿಲ್ದಾಣದಲ್ಲಿ ಸಿಕ್ಕ ಈ ಮಕ್ಕಳಿಗಾಗಿಯೇ ನಮ್ಮ ಊರಿನಲ್ಲಿ ಒಂದು ವಸತಿಶಾಲೆ ಹುಟ್ಟಿಕೊಂಡಿತು. ‘ಪ್ಲಾಟ್‌ಫಾರ್ಮ್ ಜ್ಞಾನಮಂದಿರ’ ಎಂದು ಅದರ ಹೆಸರು. ಅನ್ನ, ಬಟ್ಟೆ, ಪಾಟಿ, ಪುಸ್ತಕ ಕೊಟ್ಟರೆ ಶಾಲೆ ಆಯಿತಲ್ಲ ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಪೆಟ್ಟು ತಿಂದ ಮಗುವಿಗೆ ಪಾಠ ಹೇಳುವುದು ಅಷ್ಟು ಸುಲಭದ ಮಾತಲ್ಲ.

ಇಂಥ ಮಗು ಊಟದ ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತದೆ. ಮಂಚವಿದ್ದರೂ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಮಲಗುತ್ತದೆ. ಹತ್ತು ವರ್ಷವಾದರೂ ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಹಿಂದಿನಿಂದ ಯಾರಾದರೂ ಹೆಗಲ ಮೇಲೆ ಕೈಯಿಟ್ಟರೆ ಹೊಡೆಯಲು ತಿರುಗುತ್ತದೆ. ಉಪಾಧ್ಯಾಯರು ಇದನ್ನು ಕಳ್ಳತನ, ಮೊಂಡುತನ, ಸೋಮಾರಿತನ ಎಂದು ಎಣಿಸುವುದುಂಟು. ಮನೋವೈದ್ಯರು ಹೇಳುವುದೇ ಬೇರೆ. ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಭಾಗವೊಂದಿದೆ. ಬಹುಕಾಲ ಭಯದಲ್ಲಿ ಬಾಳಿದವರಲ್ಲಿ ಅದು ಅಪಾಯ ಕಳೆದ ಮೇಲೂ ಸುಮ್ಮನಾಗದು. ಗಂಟೆ ಬಾರಿಸುತ್ತಿರುವಷ್ಟು ಹೊತ್ತು ಮಗ್ಗಿ ತಲೆಗೆ ಹತ್ತುವುದೆಂತು?

ಆದುದರಿಂದ ಬಲ್ಲವರು ಮೊದಲು ಮಾಡುವುದು ಗಂಟೆಯನ್ನು ನಿಲ್ಲಿಸುವ ಕೆಲಸ. ಊಟ, ಆಟ, ನಿದ್ದೆ ದಿನವೂ ಅದೇ ಹೊತ್ತಿಗೆ. ಏನಾದರೂ ಬದಲಾಗುವುದಿದ್ದರೆ ಮೊದಲೇ ಹೇಳಿಬಿಡುವುದು. ಬಚ್ಚಿಟ್ಟ ಚಪಾತಿಗೆ ಬೈಯುವ ಬದಲು, ‘ರಾತ್ರಿ ಹಸಿವಾದರೆ ಈ ಡಬ್ಬಿಯಲ್ಲಿದೆ’ ಎಂದು ತೋರಿಸುವುದು. ನಡೆದದ್ದನ್ನು ಹೇಳೆಂದು ಪೀಡಿಸದೆ ಮಣ್ಣು, ಬಣ್ಣ, ಗೊಂಬೆ ಕೊಟ್ಟು ಕೂರಿಸುವುದು. ಬಾಯಿ ಹೇಳಲಾರದ್ದನ್ನು ಮಗು ಆಟದಲ್ಲಿ ಆಡಿ ತೋರಿಸೀತು. ಆಮೇಲೆ, ಪಳಗಿದ ಚಿಕಿತ್ಸಕರ ಜೊತೆಯಲ್ಲಿ, ಆ ಕಹಿ ನೆನಪನ್ನೇ ಸ್ವಲ್ಪ ಸ್ವಲ್ಪವಾಗಿ ಮಾತಿಗೆ ತರುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2020ರಲ್ಲಿ ಕೇಂದ್ರ ಸರಕಾರದ ನೆರವಿನಿಂದ ಆರಂಭವಾದ ‘ಸಂವಾದ’ ಎಂಬ ವಿಭಾಗ ಇಂಥ ಮಕ್ಕಳೊಡನೆ ಕೆಲಸ ಮಾಡುವವರನ್ನು ತರಬೇತಿಗೊಳಿಸುತ್ತ ಬಂದಿದೆ. ಕನ್ನಡನಾಡಿನ ಸಂಸ್ಥೆಯಿಂದ ಇಡೀ ದೇಶಕ್ಕೆ ಈ ಉಪಕಾರವೆಂದರೆ ನಮಗೆ ಅಭಿಮಾನವಾಗದೆ ಇರುತ್ತದೆಯೆ?

ಇದೆಲ್ಲಕ್ಕಿಂತ ಹೆಚ್ಚಿನದೊಂದಿದೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಸುರಿಯುತ್ತಿದ್ದಾಗ ಅನ್ನಾ ಫ್ರಾಯ್ಡ್ ಮತ್ತು ಡೊರತಿ ಬರ್ಲಿಂಗಮ್ ಎಂಬಿಬ್ಬರು ಮಹಿಳೆಯರು ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಮನೆಗಳನ್ನು ನಡೆಸಿದರು. ತಾಯಿಯ ಮಗ್ಗುಲಲ್ಲಿದ್ದು ಬಾಂಬಿನ ಸದ್ದು ಕೇಳಿದ ಮಗುವಿಗಿಂತ, ತಾಯಿಯನ್ನು ಅಗಲಿ ಸುರಕ್ಷಿತ ಸ್ಥಳದಲ್ಲಿದ್ದ ಮಗು ಹೆಚ್ಚು ಕುಗ್ಗಿದ್ದನ್ನು ಅವರು ಕಂಡರು. ಎಲ್ಲ ದಾದಿಯರೂ ಎಲ್ಲ ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದ ಪದ್ಧತಿಯನ್ನು ಬಿಟ್ಟು, ನಾಲ್ಕೈದು ಮಕ್ಕಳಿಗೆ ಒಬ್ಬ ‘ತಾಯಿ’ಯಂತೆ ಚಿಕ್ಕ ಚಿಕ್ಕ ಸಂಸಾರಗಳನ್ನು ಮಾಡಿದರು. ಮೊದಮೊದಲು ಅಳು, ಹೊಟ್ಟೆಕಿಚ್ಚು, ಜಗಳ. ಬಳಿಕ ಮಕ್ಕಳು ನೆಮ್ಮದಿಗೊಂಡು ಮಾತು ಕಲಿಯತೊಡಗಿದರು. ಔಷಧವೆಂದರೆ ನಂಬಿಕೆಗೆ ಪಾತ್ರನಾದ ಒಬ್ಬ ಮನುಷ್ಯ. ಅವನು ತಿಂಗಳಿಗೊಮ್ಮೆ ಬದಲಾಗಬಾರದು, ಅಷ್ಟೆ. ನಮ್ಮಲ್ಲಿ ಇಂಥ ಶಾಲೆಗಳಿಗೆ ಕಟ್ಟಡ ಕಟ್ಟಿಸುವ ದಾನಿಗಳು ಸಿಗುತ್ತಾರೆ, ಶಿಲಾಫಲಕವೂ ಬೀಳುತ್ತದೆ. ಆಯಾಗೆ ನಿಲ್ಲುವಷ್ಟು ಸಂಬಳ ಕೊಡುವವರು ಬೇಗ ಸಿಗರು.

ಇನ್ನು ನಮ್ಮ ಪಾಲಿನ ಮಾತು. ಬೆಂಗಳೂರಿನಿಂದ ದೆಹಲಿಗೆ ಹೋಗುವ ರಾಜಧಾನಿ ಗಾಡಿ ನಾಗಪುರದ ಮೇಲೆಯೇ ಹಾಯುತ್ತದೆ. ಕನ್ನಡ ಬಿಟ್ಟು ಬೇರೆ ತಿಳಿಯದ ಮಗುವೊಂದು ಇಲ್ಲಿ ಇಳಿದಿತು ಎನ್ನಿ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಅದನ್ನು, ಪ್ರಯಾಣದ ಹೊತ್ತು ಬಿಟ್ಟು, 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಮರಾಠಿಯಲ್ಲೋ ಹಿಂದಿಯಲ್ಲೋ. ಮಗು ನೆಲ ನೋಡುತ್ತ ನಿಲ್ಲುತ್ತದೆ. ಅದನ್ನು ಮೂಗನೆಂದೋ ಮಂದಬುದ್ಧಿಯೆಂದೋ ಯಾರಾದರೂ ಬರೆದುಕೊಂಡರೆ ಅದರ ಬಾಳಿನ ದಾರಿಯೇ ತಪ್ಪಿಹೋದೀತು. ‘ಊಟ ಆಯ್ತೇನಪ್ಪಾ?’ ಎಂಬ ಒಂದು ಮಾತು ಆ ಹೊತ್ತಿಗೆ ಯಾವ ಚಿಕಿತ್ಸೆಗೂ ಕಡಿಮೆಯಲ್ಲ.

ನಮ್ಮ ಸಂಘದಲ್ಲಿ ಎರಡೂ ಭಾಷೆ ಬಲ್ಲವರಿಗೆ ಬರವಿಲ್ಲ. ನಿವೃತ್ತರಾಗಿ ಹೊತ್ತು ಹೋಗದವರೂ ಇದ್ದಾರೆ. ಹತ್ತು ಮಂದಿಯ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಬರೆದು ಸಮಿತಿಗೂ ರೈಲ್ವೆ ಪೊಲೀಸರಿಗೂ ಕೊಟ್ಟಿಟ್ಟರೆ ಬೇಕಾದಾಗ ಕರೆದಾರು. ಒಂಟಿ ಮಗುವನ್ನು ಕಂಡವರು ತಾವೇ ಮನೆಗೆ ಕರೆದೊಯ್ಯದೆ 1098ಕ್ಕೆ ತಿಳಿಸತಕ್ಕದ್ದು. ಹೆಸರು ಕೊಡುವವರು ತಮಗೆ ಯಾವ ಸೀಮೆಯ ಕನ್ನಡ ಚೆನ್ನಾಗಿ ಬರುತ್ತದೆಂಬುದನ್ನೂ ಬರೆಯಲಿ. ಬೀದರಿನ ಹುಡುಗನಿಗೆ ಮೈಸೂರಿನ ಕನ್ನಡ ಮೇಷ್ಟರ ಕನ್ನಡದಂತೆ ಕೇಳಿಸೀತು.