ಗುರುಮಠಕಲ್ ನೆಲದಲ್ಲಿ ಯಾರೂ ಕಟ್ಟಿಸದ ಕೆರೆ

ಜೀಡಿಮೆಟ್ಲಾ: ಇಲ್ಲಿನ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದ ಯಾದಗಿರಿ, ಕಲಬುರಗಿ ಕಡೆಯ ಕನ್ನಡಿಗರಿಗೆ ಕಲ್ಲು ಹೊಸದಲ್ಲ. ಊರಿನ ಮನೆಯ ನೆಲಕ್ಕೆ ಶಹಾಬಾದ್ ಫರಸಿ, ಹೊಲದ ಬದುವಿಗೆ ಕರಿಕಲ್ಲು. ಆದರೆ ಗುರುಮಠಕಲ್ ಸುತ್ತ ಆ ಕರಿಕಲ್ಲಿನ ಪದರಗಳ ನಡುವೆ ಸಿಕ್ಕಿಕೊಂಡಿರುವ ತೆಳುವಾದ ಮಾಸಲು ಪದರವನ್ನು ನಿಂತು ನೋಡುವವರು ಕಡಿಮೆ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಕೆರೆಯ ತಳ.

ಕರಿಕಲ್ಲು ಎಂದರೆ ಆರಿದ ಲಾವಾ. ದಖನ್ ಪ್ರಸ್ಥಭೂಮಿಯ ಮೇಲೆ ಅದು ಒಂದೇ ಸಲಕ್ಕೆ ಹರಿದು ಮುಗಿಯಲಿಲ್ಲ. ನಡುನಡುವೆ ಸಾವಿರಾರು ವರ್ಷ ಬಿಡುವು ಕೊಟ್ಟಿತು. ಆ ಬಿಡುವಿನಲ್ಲಿ ತಗ್ಗಿನಲ್ಲಿ ಮಳೆನೀರು ನಿಂತಿತು, ಪಾಚಿ ಬೆಳೆಯಿತು. ಪಾಚಿ ನೀರಿನಲ್ಲಿನ ಇಂಗಾಲಾಮ್ಲವನ್ನು ಹೀರಿದಂತೆ ಸುಣ್ಣ ಬೇರ್ಪಟ್ಟು ತಳಕ್ಕೆ ಇಳಿಯಿತು. ಮುಂದಿನ ಲಾವಾ ಅದರ ಮೇಲೆ ಮುಚ್ಚಿಕೊಂಡಿತು. (ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ. ಆದರೆ ಅದು ಸಮುದ್ರದಲ್ಲಿ ಆದದ್ದು, ಚಿಪ್ಪುಪ್ರಾಣಿಗಳು ಹುಟ್ಟುವುದಕ್ಕೂ ಮೊದಲಿನದು.)

ಗುರುಮಠಕಲ್‌ನ ಈ ಪದರದಲ್ಲಿ ಸಿಹಿನೀರಿನ ಆಸ್ಟ್ರಕಾಡ್ ಎಂಬ ಸೂಕ್ಷ್ಮಜೀವಿಗಳ ಚಿಪ್ಪುಗಳು ಸಿಕ್ಕಿವೆ. ಬೇಳೆಯಂತೆ ಎರಡು ಹೋಳು, ಗಾತ್ರ ಮಾತ್ರ ಸಾಸಿವೆಗಿಂತ ಚಿಕ್ಕದು. ಇಂಥ ಪದರಗಳಲ್ಲಿ ಬೇರೆಡೆ ಕೇರಾ ಪಾಚಿಯ ಸುಣ್ಣಗಟ್ಟಿದ ಕಾಯಿಗಳೂ ಸಿಗುತ್ತವೆ. ಕೇರಾ ಬೆಳೆಯುವುದು ತಿಳಿಯಾದ, ಆಳವಿಲ್ಲದ ನೀರಿನಲ್ಲಿ. ಹೀಗಾಗಿ ಕಾಯಿ ಸಿಕ್ಕರೆ ನೀರಿನ ಗುಣವೂ ಗೊತ್ತಾಯಿತು ಎಂದೇ ಲೆಕ್ಕ.

ಚಿಪ್ಪು ಸಿಗದಿದ್ದರೂ ಬರೀ ಸುಣ್ಣವೇ ಲೆಕ್ಕ ಒಪ್ಪಿಸುತ್ತದೆ. ನೀರಿನ ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಮುಖ್ಯ ಬಗೆ. ಬಿಸಿಲಿಗೆ ಹಗುರದ್ದು ಬೇಗ ಆವಿಯಾಗುತ್ತದೆ. ಹೊರಹರಿವಿಲ್ಲದ ಕೆರೆಯಲ್ಲಿ ಭಾರದ್ದು ಹೆಚ್ಚಾಗಿ ಉಳಿದು ಸುಣ್ಣದೊಳಗೆ ಸೇರುತ್ತದೆ. ಬೆಟ್ಟದಲ್ಲಿ ಇನ್ನೊಂದು ಬಗೆ. ಮೋಡ ಮೇಲೇರುವಾಗ ಭಾರದ್ದು ಮೊದಲೇ ಮಳೆಯಾಗಿ ಇಳಿದುಬಿಡುವುದರಿಂದ, ಎತ್ತರದ ಕೆರೆಗೆ ಸಿಗುವ ನೀರು ಹಗುರ. ನೇಪಾಳದ ಥಕ್‌ಖೋಲಾ ಕಣಿವೆಯ ಹಳೆಯ ಸುಣ್ಣವನ್ನು ಹೀಗೆ ಪರೀಕ್ಷಿಸಿದ ವಿಜ್ಞಾನಿಗಳು, ಸುಮಾರು ಒಂದು ಕೋಟಿ ವರ್ಷಗಳ ಹಿಂದೆಯೇ ಅಲ್ಲಿನ ನೆಲ ಇಂದಿನಷ್ಟು ಎತ್ತರವಿತ್ತು ಎಂದು 2000ರಲ್ಲಿ ಪ್ರಕಟಿಸಿದರು.

ಹೈದರಾಬಾದಿಗೆ ಇನ್ನೂ ಹತ್ತಿರ ವಿಕಾರಾಬಾದ್ ಜಿಲ್ಲೆಯ ನಾಸ್ಕಲ್. ಅಲ್ಲಿನ ಇಂಥದೇ ಪದರದಲ್ಲಿ ಸಿಕ್ಕ ಪುಟ್ಟ ಹಲ್ಲುಗಳಿಂದ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ಡೆಕ್ಕನೊಲೆಸ್ಟಿಸ್ ಹಿಸ್ಲೋಪಿ ಎಂಬ ಸೊಂಡಿಲಿಯಂಥ ಸಸ್ತನಿಯನ್ನು ಗುರುತಿಸಿದರು. ಕ್ರಿಟೇಷಿಯಸ್ ಯುಗದ ಸಸ್ತನಿ ಭಾರತದಲ್ಲಿ ಸಿಕ್ಕದ್ದು ಅದೇ ಮೊದಲು. ಹೆಸರಿನ ಹಿಸ್ಲೋಪ್, ನಾಗಪುರದಲ್ಲಿ ಇಂಥ ಪದರಗಳನ್ನು ಅಭ್ಯಸಿಸಿದ ಸ್ಕಾಟಿಷ್ ಪಾದ್ರಿ, 1863ರಲ್ಲಿ ತೀರಿಕೊಂಡವರು.

ಡೈನೋಸಾರ್‌ಗಳನ್ನು ಅಳಿಸಿದ್ದು ಆಕಾಶದಿಂದ ಬಿದ್ದ ಕಲ್ಲೋ, ದಖನ್ ಲಾವಾದ ಹೊಗೆಯೋ, ಎರಡೂ ಸೇರಿಯೋ ಎಂಬ ವಾದ ಮುಗಿದಿಲ್ಲ. ಲಾವಾ ಹರಿದ ನೆಲದಲ್ಲೇ ಮತ್ತೆ ನೀರು ನಿಂತು ಜೀವ ಮರಳಿತ್ತು ಎನ್ನಲು ಸಾಕ್ಷಿ ಈ ಕೆರೆಗಳೇ. ಪದರವಂತೂ ಬಹಳ ತೆಳು. ಹೊಲ ಸಮ ಮಾಡುವ ಜೆಸಿಬಿ ಒಂದೇ ದಿನದಲ್ಲಿ ಎತ್ತಿ ಹಾಕಿಬಿಡಬಲ್ಲದು.

ಊರಿಗೆ ಹೋದಾಗ ಬಾವಿ ತೋಡಿದ ಮಣ್ಣಿನಲ್ಲಿ ಚಿಪ್ಪಿರುವ ಮಾಸಲು ಕಲ್ಲು ಕಂಡರೆ ಫೋಟೋ ತೆಗೆದು, ಯಾವ ಪದರದ್ದು, ಎಷ್ಟು ಆಳದ್ದು ಎಂದು ಬರೆದಿಟ್ಟುಕೊಳ್ಳಬೇಕು. ಜಾಗ ಗೊತ್ತಿಲ್ಲದ ಕಲ್ಲಿನಿಂದ ಪರಿಣತರಿಗೆ ಹೆಚ್ಚು ಪ್ರಯೋಜನವಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ದಕ್ಷಿಣ ವಲಯದ ಕಚೇರಿ ಹೈದರಾಬಾದಿನ ಬಂಡ್ಲಗೂಡದಲ್ಲೇ ಇದೆ.