ವಿದೇಶಿ ಸೊಸೆಗೆ ಕಾರ್ಡ್ ಸಿಕ್ಕ ಮೇಲೆ

ಬೆಂಗಳೂರಿನ ವಿಜಯನಗರದ ಛತ್ರದಲ್ಲಿ ಧಾರೆಯೆರೆದು, ಬಸವೇಶ್ವರನಗರದ ಮನೆ ತುಂಬಿಸಿಕೊಂಡ ಮಾತ್ರಕ್ಕೆ ವಿದೇಶಿ ಸೊಸೆ ಈ ದೇಶದ ಪ್ರಜೆಯಾಗುವುದಿಲ್ಲ. ಮೊದಲು ಮದುವೆ ನೋಂದಣಿಯಾಗಬೇಕು. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ 30 ದಿನ ಮೊದಲೇ ನೋಟಿಸ್ ಕೊಡಬೇಕು. ನೋಂದಣಿಯಾದ ಮದುವೆ ಸತತ ಎರಡು ವರ್ಷ ಉಳಿದಿದ್ದರೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಪಾಕಿಸ್ತಾನ, ಬಾಂಗ್ಲಾದೇಶದವರಿಗೆ ಆ ದಾರಿ ಇಲ್ಲ. ಕಾರ್ಡ್ ಬರುವ ತನಕ ವೀಸಾ ವಿಸ್ತರಣೆಗೆ ಆನ್‌ಲೈನಿನಲ್ಲಿ ಅರ್ಜಿ. ಕರೆದರೆ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ವಿದೇಶಿಯರ ನೋಂದಣಿ ಕಚೇರಿಗೆ (ಎಫ್‌ಆರ್‌ಆರ್‌ಒ) ಹೋಗಿ ಬರಬೇಕು.

ತೊಡಕು ಹೆಚ್ಚಾಗಿ ಹುಟ್ಟುವುದು ನಮ್ಮ ಇನಿಷಿಯಲ್ಲುಗಳಿಂದ. ಗಂಡನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಎರಡಕ್ಷರ. ಪಾಸ್‌ಪೋರ್ಟಿನಲ್ಲಿ ಅವೇ ಊರು ಮತ್ತು ಅಪ್ಪನ ಹೆಸರಾಗಿ ಉದ್ದಕ್ಕೆ ಬಿಡಿಸಿಕೊಂಡಿರುತ್ತವೆ. ಮದುವೆ ಪ್ರಮಾಣಪತ್ರದಲ್ಲಿ ಮೂರನೆಯ ರೂಪ. ಕರೆಂಟ್ ಬಿಲ್ಲು ಮಾವನ ಹೆಸರಲ್ಲಿ. ಹೆಂಡತಿಯ ಅರ್ಜಿಯಲ್ಲಿ ಇವೆಲ್ಲ ಒಬ್ಬನದೇ ಸಂಸಾರ ಎಂದು ತೋರಿಸಬೇಕು. ಮದುವೆ ನೋಂದಣಿಯ ದಿನವೇ ಗಂಡನ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆ ಬರೆಸುವುದು ಜಾಣತನ. ಆಮೇಲೆ ತಿದ್ದಿಸಲು ಅಫಿಡವಿಟ್ಟು, ಓಡಾಟ ತಪ್ಪದು.

ಪೂರ್ಣ ಪೌರತ್ವ ಬೇಕೆಂದರೆ 1955ರ ಪೌರತ್ವ ಕಾಯ್ದೆಯ ಕಲಂ 5(1)(ಸಿ) ಪ್ರಕಾರ ಏಳು ವರ್ಷ ಇಲ್ಲಿ ವಾಸವಿರಬೇಕು, ಅದರಲ್ಲೂ ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲೇ. ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ತವರಿನ ಪಾಸ್‌ಪೋರ್ಟ್ ಬಿಡಬೇಕು. ವಯಸ್ಸಾದ ಅಪ್ಪ ಅಮ್ಮನನ್ನು ದೂರದಲ್ಲಿ ಬಿಟ್ಟುಬಂದವಳಿಗೆ ಅದು ಸಣ್ಣ ಮಾತಲ್ಲ. ಬಿಡಲಾರದವಳು ಓಸಿಐಗೇ ನಿಲ್ಲುತ್ತಾಳೆ. ಆ ಕಾರ್ಡಿನಿಂದ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ.

ಅದನ್ನು ಸಹಿಸಿಕೊಳ್ಳಬಹುದು. ನನಗೆ ಒಪ್ಪಲಾಗದ್ದು ಅದೇ ಕಾಯ್ದೆಯ ಕಲಂ 7ಡಿ. ಗಂಡ ಹೆಂಡಿರ ಸಂಬಂಧದ ಮೇಲೆ ಸಿಕ್ಕ ಕಾರ್ಡನ್ನು ವಿಚ್ಛೇದನವಾದರೆ ರದ್ದು ಮಾಡಲು 2015ರ ತಿದ್ದುಪಡಿ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ರಾಜಾಜಿನಗರದ ಶಾಲೆಗೆ ಹೋಗುವ ಮಗು ಭಾರತದ ಪ್ರಜೆ; ಅದರ ತಾಯಿಯ ವಾಸದ ಹಕ್ಕು ಮಾತ್ರ ತೂಗುಯ್ಯಾಲೆ. ಮನೆಯಲ್ಲಿ ಏಟು ತಿಂದರೂ ಕಾರ್ಡಿನ ಭಯಕ್ಕೆ ಆಕೆ ಬಾಯಿ ಬಿಡದೆ ಇರಬೇಕೇ? ರದ್ದಿಗೆ ಮುನ್ನ ಅಹವಾಲು ಕೇಳಬೇಕೆಂದು 2019ರಲ್ಲಿ ಸೇರಿಸಿದ್ದು ಒಳ್ಳೆಯದೇ. ಆದರೆ ಇಲ್ಲಿ ಬೆಳೆಯುತ್ತಿರುವ ಮಗುವಿನ ತಾಯಿಗೆ, ತಂದೆಗೆ, ಆ ಕಾರಣಕ್ಕೇ ಕಾರ್ಡ್ ಉಳಿಯುವಂತೆ ಸಂಸತ್ತು ಕಾಯ್ದೆಯಲ್ಲೇ ಬರೆಯಬೇಕು.